ಸರೋಜಮ್ಮ ಕಟ್ಟಿದ ಹುಳ

ನಮ್ಮ ಮನೆಯ ಹುಂಜದ ಕುತ್ತಿಗೆಯಲ್ಲಿ ಗರಿ ನಿಂತದ್ದನ್ನು ನಾನು ನೋಡಿಯೇ ಇಲ್ಲ. ಮೈಯೆಲ್ಲ ಕೆಂಪು ಕಂದು ಮಿಂಚು, ಕುತ್ತಿಗೆ ಮಾತ್ರ ಬೋಳು. ಪಾಲಿಬೆಟ್ಟದಿಂದ ಕೊಡ್ಲಿಪೇಟೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅದಕ್ಕೇನೋ ಕಾಯಿಲೆ ಇರಬೇಕೆಂದುಕೊಂಡು ಅತ್ತೆಯನ್ನು ಕೇಳಿದ್ದೆ. ಅವರು ಅಂಗಳಕ್ಕಿಳಿದು, ಒಂದು ಹಿಡಿ ಅಕ್ಕಿ ಚೆಲ್ಲಿ, ಹತ್ತಿರ ಬಂದ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಒಂದು ಗರಿ ಕಿತ್ತರು. ಅದನ್ನು ಬಿಸಿಲಿಗೆ ಹಿಡಿದು ನೋಡಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಒಳಗೆ ಹೋದರು. ಆಗ ಆ ಹುಂಜಕ್ಕೆ ಹೆಸರಿರಲಿಲ್ಲ. ಧರ್ಮಪ್ಪ ಎಂದು ಹೆಸರಿಟ್ಟದ್ದು ಆಮೇಲೆ. ಹೆಸರಿಟ್ಟ ಮೇಲೆ ಗರಿ ಕೀಳುವಾಗ "ಕೂಗು ಧರ್ಮಪ್ಪ, ಜೋರಾಗಿ ಕೂಗು" ಎನ್ನುವುದೂ ಸೇರಿಕೊಂಡಿತು. ಒಂದು ಹುಂಜ ಸಾರಿನ ಪಾಲಾದರೆ ಮುಂದಿನದಕ್ಕೂ ಅದೇ ಹೆಸರು.

ನಿಜವಾದ ಧರ್ಮಪ್ಪನ ತೋಟ ನಮ್ಮ ತೋಟದ ಬೇಲಿಯಾಚೆ ಇದೆ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯ, ಬಹುವಚನ ಕೊಡಬೇಕು. ಎದುರಿಗೆ ಸಿಕ್ಕಾಗ ಕೊಡುತ್ತೇನೆ. ಇಲ್ಲಿ ಕೊಡುವುದಿಲ್ಲ.

ನನ್ನ ಅತ್ತೆ ಸರೋಜಮ್ಮ ಕುಳ್ಳಗಿದ್ದರು. ದಪ್ಪ ಗಾಜಿನ ಕನ್ನಡಕ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ತಲೆಯ ಮೇಲೆ ತೀರಿಹೋದ ಮಾವನವರ ಖಾಕಿ ಟೋಪಿ. ತೋಟವನ್ನು ತಾವೇ ನಡೆಸುತ್ತಿದ್ದರು, ಆಳುಗಳನ್ನು ತಾವೇ ಗದರುತ್ತಿದ್ದರು, ತಾವು ಮಾಡಿದ್ದೇ ಸರಿ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ವರ್ಷಗಟ್ಟಲೆ ಕೆಡದಂತೆ ಇಡುವುದು ಅವರಿಗೆ ಗೊತ್ತಿತ್ತು. ಯಾರೋ ದಾಯಾದಿ ಮದುವೆಮನೆಯಲ್ಲಿ ಅವರಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದ್ದನಂತೆ. ಅವನ ಮಗನ ಮದುವೆಗೆ ಹೋಗಿ, ಮೊದಲನೇ ಪಂಕ್ತಿಯಲ್ಲಿ ಕೂತು, ಉಪ್ಪು ಮಾತ್ರ ನೆಕ್ಕಿ ಎದ್ದು ಬಂದಿದ್ದರು. "ಹೋಗ್ಲಿ ಬಿಡಿ ಅತ್ತೆ" ಎಂದರೆ "ಯಾಕ್ ಬಿಡ್ಬೇಕು?" ಎಂದು, ನಿಜವಾಗಿಯೂ ಉತ್ತರ ಬೇಕಾದವರಂತೆ ಕೇಳುತ್ತಿದ್ದರು.

ಮೀನಿನ ಗಾಳಕ್ಕೆ ಗರಿಯಿಂದ ಹುಳ ಕಟ್ಟುವುದನ್ನು ಅವರು ಕಲಿತದ್ದು ಮಾವನವರಿಂದ. ಮಾವನವರಿಗೆ ಯಾವುದೋ ಎಸ್ಟೇಟಿನ ಮ್ಯಾನೇಜರು ಕಲಿಸಿದ್ದರಂತೆ. ಮಾವನವರು ಸುತ್ತುವಾಗ ದಾರದ ತುದಿ ಹಿಡಿದುಕೊಂಡು ಪಕ್ಕದಲ್ಲಿ ಕೂರುವುದು ಅತ್ತೆಯ ಕೆಲಸ. ಒಂದು ದಿನ ದಾರ ಹಿಡಿದು ಹಿಡಿದು ಬೇಜಾರಾಗಿ "ಈ ಕಡೆ ಕೊಡಿ, ನೀವು ಸುತ್ತೋದ್ ನೋಡಿದ್ರೆ ಹುಲ್ಲಿನ ಹೊರೆ ಕಟ್ದಂಗಿದೆ" ಎಂದು ಕಿತ್ತುಕೊಂಡರಂತೆ. ಅಲ್ಲಿಂದ ಮುಂದೆ ದಾರ ಹಿಡಿಯುವವರು ಮಾವನವರಾದರು.

ಆ ಹುಳದ ಬಗ್ಗೆ ಸ್ವಲ್ಪ ಹೇಳಬೇಕು. ಹೇಮಾವತಿ ಹೊಳೆಯ ಕಲ್ಲುಗಳನ್ನು ಎತ್ತಿ ನೋಡಿದರೆ ಅಡಿಯಲ್ಲಿ ಮರಳಿನ ಕಾಳು, ಕಡ್ಡಿ ಚೂರುಗಳಿಂದ ಮಾಡಿದ ಸಣ್ಣ ಕೊಳವೆಗಳು ಅಂಟಿಕೊಂಡಿರುತ್ತವೆ. ಅದರೊಳಗೆ ಒಂದು ಮರಿಹುಳ. ಕಾಲ ಬಂದಾಗ ಅದು ಮೇಲೆ ಬಂದು, ರೆಕ್ಕೆ ಬಿಚ್ಚಿ ಹಾರುತ್ತದೆ. ಕೂತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಗುಡಾರದಂತೆ ಇಳಿಬಿಡುತ್ತದೆ. ಸಂಜೆ ವರಾಂಡದ ದೀಪಕ್ಕೂ ಬರುತ್ತದೆ, ಗುಡಿಸಿ ಹೊರಗೆ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಕ್ಯಾಡಿಸ್ ಎನ್ನುತ್ತಾರಂತೆ. ಅತ್ತೆ ಅದಕ್ಕೆ ಗುಡಾರದ ಹುಳ ಎನ್ನುತ್ತಿದ್ದರು. ಮೊಟ್ಟೆಯಿಡಲು ಅದು ಸಂಜೆ ಹೊತ್ತು ನೀರಿನ ಮೇಲೆ ತಟತಟ ತಾಕುತ್ತ ಹಾರುವಾಗ ಮೀನುಗಳು ಮೇಲೆದ್ದು ನುಂಗುತ್ತವೆ. ಅತ್ತೆ ಕಟ್ಟುತ್ತಿದ್ದದ್ದು ಅದರ ನಕಲು. ನೀರಿನಲ್ಲಿ ಮುಳುಗದೆ ಮೇಲೆಯೇ ತೇಲುವ ಹುಳ.

ಅಕ್ಕಸಾಲಿಗರ ಬಳಿ ಕೊಂಡ ಪುಟ್ಟ ಇಕ್ಕಳದಲ್ಲಿ ಗಾಳವನ್ನು ಸಿಕ್ಕಿಸಿ, ಜೇನುಮೇಣ ಸವರಿದ ದಾರದಿಂದ ಸುತ್ತಲು ಶುರು ಮಾಡುವರು. ಮೈಗೆ ನಾಯಿಯ ಒಳಗೂದಲು. ಅದರ ಮೇಲೆ ಹುಂಜದ ಗರಿಯನ್ನು ಸುತ್ತಿದರೆ ಗರಿಯ ಎಳೆಗಳು ಸುತ್ತಲೂ ಕಾಲುಗಳಂತೆ ಎದ್ದು ನಿಲ್ಲುತ್ತವೆ. ಹುಳ ನೀರಿನ ಮೇಲೆ ನಿಲ್ಲುವುದು ಆ ಕಾಲುಗಳ ಬಲದಿಂದಲೇ. ಕೊನೆಗೆ ಕಂದು ಹೋತದ ಬೆನ್ನಿನ ಕೂದಲನ್ನು ಒಂದೇ ಉದ್ದಕ್ಕೆ ತಟ್ಟಿ ಜೋಡಿಸಿ, ರೆಕ್ಕೆಯಾಗಿ ಕಟ್ಟುವರು. ನಾನು ಕಲಿಯಲು ಕೂತಾಗ ನನ್ನ ಹುಳವನ್ನು ಕನ್ನಡಕದ ಹತ್ತಿರ ಹಿಡಿದು "ಇದೇನಿದು, ಪೊರಕೆನಾ?" ಎನ್ನುತ್ತಿದ್ದರು. ಅವರದು ಒಂದೇ ಪಾಠ. "ಗಂಟು ಕಂಡ್ರೆ ಅದು ದಾರ, ಕಾಣ್ದಿದ್ರೆ ಅದು ಹುಳ. ಮೀನಿಗೆ ಕಣ್ಣಿದೆ ಕಣೇ ಸುಮಾ. ನಮ್ಮೂರ ಗಂಡಸ್ರಿಗೆ ಇಲ್ದೇ ಇರ್ಬೋದು."

ಹೊಳೆಯಲ್ಲಿ ನಿಂತರೆ ಅವರು ಬೇರೆಯೇ ಮನುಷ್ಯರು. ಮನೆಯಲ್ಲಿ ಬಾಯಿ ನಿಲ್ಲದವರು ಅಲ್ಲಿ ಉಸಿರನ್ನೂ ಸದ್ದಿಲ್ಲದೆ ಬಿಡುತ್ತಿದ್ದರು. ಮೊಣಕಾಲುದ್ದ ನೀರಿನಲ್ಲಿ ನಿಂತು, ದಾರವನ್ನು ತಲೆಯ ಮೇಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ, ಹುಳವನ್ನು ಮೇಲ್ಹರಿವಿನಲ್ಲಿ ಇಳಿಸುವರು. ಹುಳ ನೀರಿನ ಜೊತೆಯೇ ಇಳಿದು ಬರಬೇಕು. ದಾರ ಸ್ವಲ್ಪ ಎಳೆದರೂ ಅದು ಹರಿವಿಗೆ ಅಡ್ಡ ಓಡುತ್ತದೆ, ಮೀನಿಗೆ ಮೋಸ ತಿಳಿದುಹೋಗುತ್ತದೆ. ಹಿಡಿದ ಮೀನನ್ನು ನೀರಿನಲ್ಲೇ ಗಾಳದಿಂದ ಬಿಡಿಸಿ, ತಲೆ ಸವರಿ ಕಳಿಸುವರು. ಬೈಯುತ್ತಿದ್ದದ್ದು ಮನುಷ್ಯರನ್ನು ಮಾತ್ರ.

ನಮ್ಮ ಕಡೆ ಗಾಳ ಹಾಕುವವರದೊಂದು ಸಂಘವಿತ್ತು. ಧರ್ಮಪ್ಪ ಅದರ ಅಧ್ಯಕ್ಷ. ಹೊಳೆಯ ಒಂದು ಭಾಗವನ್ನು ಸಂಘದವರು ಕಾಯುತ್ತಿದ್ದರು. ಅಲ್ಲಿ ಎರೆಹುಳ, ರಾಗಿಮುದ್ದೆ, ಜೀವಂತ ಹುಳ ಯಾವುದನ್ನೂ ಗಾಳಕ್ಕೆ ಚುಚ್ಚುವಂತಿಲ್ಲ. ಕೈಯಲ್ಲಿ ಕಟ್ಟಿದ ಹುಳ ಮಾತ್ರ. ವರ್ಷಕ್ಕೊಮ್ಮೆ ಸ್ಪರ್ಧೆ. ಸಂಘದಲ್ಲಿ ಇದ್ದ ಹೆಂಗಸು ಅತ್ತೆ ಒಬ್ಬರೇ. ಸ್ಪರ್ಧೆಯಲ್ಲಿ ಅವರು ಗೆದ್ದಾಗಲೆಲ್ಲ ಗಂಡಸರು ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಹೆಂಡತಿಯರ ಮೇಲೆ ರೇಗುತ್ತಿದ್ದರೆಂದು ಕೇಳಿದ್ದೇನೆ.

ಆ ವರ್ಷದ ಸ್ಪರ್ಧೆಗೆ ನಾನೂ ಹೋಗಿದ್ದೆ. ಮಧ್ಯಾಹ್ನದವರೆಗೆ ಧರ್ಮಪ್ಪನ ತಮ್ಮನ ಮೀನೇ ಎಲ್ಲಕ್ಕಿಂತ ದೊಡ್ಡದು. ಬಿಸಿಲು ಇಳಿದ ಮೇಲೆ ಗುಡಾರದ ಹುಳಗಳು ಏಳತೊಡಗಿದವು. ನೀರಿನ ಮೇಲೆ, ಪೊದೆಯ ಮೇಲೆ, ನಮ್ಮ ಬಟ್ಟೆಯ ಮೇಲೆ ಎಲ್ಲೆಲ್ಲೂ ಅವೇ. ಅತ್ತೆ ಒಂದು ಬಂಡೆಯ ನೆರಳಿಗೆ ತಮ್ಮ ಹುಳ ಇಳಿಸಿದರು. ಬಿಳಿಮೀನು, ಮಹಸೀರ್ ಎನ್ನುತ್ತಾರಲ್ಲ ಅದು, ಒಂದು ಗುಟುಕಿಗೆ ನುಂಗಿತು. ಅದನ್ನು ದಡಕ್ಕೆ ತರುವಷ್ಟರಲ್ಲಿ ಅತ್ತೆಯ ಟೋಪಿ ಹೊಳೆಯಲ್ಲಿ ತೇಲಿಹೋಗಿತ್ತು. ಒದ್ದೆ ಬಟ್ಟೆಯಲ್ಲಿ ಹಾಕಿ ತೂಗಿದರು. ತಮ್ಮನ ಮೀನು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ಮೀನನ್ನು ಬಿಡಲು ಹೋಗುವಾಗ ಅತ್ತೆ ತಮ್ಮ ಹುಳವನ್ನು ನೀರಿನಲ್ಲಿ ಜಾಲಿಸಿ, ಊದಿ ಒಣಗಿಸಿ, ಗಾಳದ ಕೋಲನ್ನು ಪೊದೆಯೊಂದಕ್ಕೆ ಒರಗಿಸಿದ್ದರು. ಗೆದ್ದವರ ಹುಳವನ್ನು ಅಧ್ಯಕ್ಷರು ಪರೀಕ್ಷಿಸಬೇಕು, ಅದು ನಿಯಮ. ಧರ್ಮಪ್ಪ ಹೋಗಿ ದಾರ ಎತ್ತಿ ಹಿಡಿದ. ಅದರ ತುದಿಯಲ್ಲಿ ಹುಳ ಕಾಲು ಆಡಿಸುತ್ತಿತ್ತು.

"ನೋಡ್ರಪ್ಪ, ಜೀವ ಇರೋ ಹುಳ ಚುಚ್ಚವ್ರೆ" ಎಂದ.

ಎಲ್ಲರೂ ನೋಡಿದರು. ನಾನೂ ನೋಡಿದೆ. ಕಾಲು ಆಡುತ್ತಿದ್ದದ್ದು ನಿಜ. ಅತ್ತೆ ಒದ್ದೆ ಸೀರೆಯಲ್ಲಿ ಎದ್ದುಬಿದ್ದು ಬರುವಷ್ಟರಲ್ಲಿ ಅವನು ಅದನ್ನು ಬೆರಳಲ್ಲಿ ಹಿಡಿದು, ಒಮ್ಮೆ ಉಜ್ಜಿ, ಆಮೇಲೆ ಜೇಬಿನಿಂದ ಕತ್ತರಿ ತೆಗೆದು ದಾರ ಕತ್ತರಿಸಿ, ಹುಳ ಗಾಳ ಎಲ್ಲವನ್ನೂ ಸೇರಿಸಿ ಹೊಳೆಗೆ ಎಸೆದುಬಿಟ್ಟ. ಇಂಥ ಹೊಲಸನ್ನು ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದ.

ಆಗಿದ್ದಿಷ್ಟೇ. ಪೊದೆಯಲ್ಲಿ ತೂಗಾಡುತ್ತಿದ್ದ ಅತ್ತೆಯ ಹುಳದ ಮೇಲೆ ನಿಜವಾದ ಗುಡಾರದ ಹುಳವೊಂದು ಬಂದು ಕೂತಿತ್ತು. ಅತ್ತೆ ಅದನ್ನು ಕೂಡಲೇ ಊಹಿಸಿದರು. ಊಹಿಸಿದ್ದನ್ನು ಹಾಗೆಯೇ ಹೇಳಿಯೂಬಿಟ್ಟರು. "ಗಂಡು ಹುಳ ಕಣ್ರೋ! ನಾನ್ ಕಟ್ಟಿದ್ದನ್ನ ಹೆಣ್ಣು ಅಂದ್ಕೊಂಡು ಬಂದು ಕೂತದೆ." ಹೊಳೆಯ ದಡದಲ್ಲಿ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನಂತೂ ನೆಲದ ಮೇಲೆ ಕೂತುಬಿಟ್ಟ. ಬಹುಮಾನ ಧರ್ಮಪ್ಪನ ತಮ್ಮನಿಗೆ ಹೋಯಿತು.

ನಾವು ಮನೆ ಮುಟ್ಟುವ ಮುಂಚೆಯೇ ಸಂಘದ ವಾಟ್ಸಾಪ್ ಗುಂಪಿನಿಂದ ಅತ್ತೆಯ ಹೆಸರು ತೆಗೆದಿದ್ದರು. ಸಂತೆಯ ದಿನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. 'ಹುಳದ ಸರೋಜಮ್ಮ' ಎಂಬ ಹೆಸರು ಬಿತ್ತು. ಮೀನಿನ ಅಂಗಡಿಯವನು ಇವರನ್ನು ಕಂಡು "ಹುಳ ಗಿಳ ಬೇಕಾ ಅಮ್ಮ?" ಎಂದ. ಅತ್ತೆ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದರು. ಆದರೆ ಮನೆಗೆ ಬಂದು ಚೀಲ ಇಟ್ಟವರು ಆ ಸಂಜೆ ಇಕ್ಕಳ ಮುಟ್ಟಲಿಲ್ಲ. ಮೋಸಗಾತಿ ಎನ್ನಿಸಿಕೊಳ್ಳುವುದನ್ನು ತಡೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಆ ಸಂಜೆಯೇ ನಾನೂ ಧರ್ಮಪ್ಪನ ಮೇಲೆ ಹಲ್ಲು ಮಸೆಯಲು ಶುರು ಮಾಡಿದೆ. ಅದುವರೆಗೆ ನಾನು ಸಾಧು ಸ್ವಭಾವದವಳೆಂದು ತವರಿನಲ್ಲಿ ಹೆಸರಿತ್ತು.

ಅವರಿಗೆ ಬೇಕಾದದ್ದು ಬಹುಮಾನವಲ್ಲ, ಸಂಘವೂ ಅಲ್ಲ. ಅಲ್ಲಿ ನಕ್ಕವರೆಲ್ಲ ಕೂತಿರಬೇಕು, ಅವರೆದುರಿಗೆ ಧರ್ಮಪ್ಪ ತನ್ನ ಬಾಯಿಂದ, ಸರೋಜಮ್ಮ ಕಟ್ಟಿದ್ದು ಗರಿಯ ಹುಳವೇ ಎಂದು ಹೇಳಬೇಕು. ಅಷ್ಟೇ. ಅದಾಗುವವರೆಗೆ ತಾವು ಸಾಯುವುದಿಲ್ಲ ಎಂದು ಹಲವು ಸಲ ಹೇಳಿದ್ದರು.

ಸಂಘದ ಹಿರಿಯರೊಬ್ಬರು ರಾಜಿ ಮಾಡಿಸಲು ಮನೆಗೆ ಬಂದರು. ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡಿ, ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದರು. ಅತ್ತೆ ಅವರಿಗೆ ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು, ತೋಟದ ಕಿತ್ತಳೆಯನ್ನೂ ಚೀಲಕ್ಕೆ ತುಂಬಿ ಕೊಟ್ಟರು. ಅವರು ಗೇಟು ದಾಟುವಾಗ ಮಾತ್ರ, "ತಪ್ಪಾಯ್ತು ಅಂತ ಹೇಳೋಕೆ ಅವ್ನಿಗೆ ಹೇಳಿ. ಬಂದ್ರೆ ಅವ್ನಿಗೂ ಕೋಡುಬಳೆ ಕೊಡ್ತೀನಿ" ಎಂದರು. ಶಾಂತಿಪ್ರಿಯರಾದ ನನ್ನ ಗಂಡ ನಾಚಿಕೆಯಿಂದ ಹಿತ್ತಿಲಿಗೆ ಹೋಗಿಬಿಟ್ಟರು.

ಮುಂದಿನ ವರ್ಷದ ಸ್ಪರ್ಧೆಯ ದಿನ ಅತ್ತೆ ಬೆಳಿಗ್ಗೆಯೇ ನನ್ನನ್ನು ಎಬ್ಬಿಸಿ ಜೀಪು ತೆಗೆಯಲು ಹೇಳಿದರು. ಹೇಮಾವತಿಯ ಈ ದಡ ಕೊಡಗು, ಆ ದಡ ಹಾಸನ ಜಿಲ್ಲೆ. ಸಂಘದ ಕಾವಲು ಈ ದಡಕ್ಕೆ ಮಾತ್ರ. ನಾವು ಸೇತುವೆ ದಾಟಿ, ಆಚೆ ದಡದಲ್ಲಿ, ಸಂಘದ ಶಾಮಿಯಾನಕ್ಕೆ ನೇರ ಎದುರಾಗಿ ಬಂಡೆಯ ಮೇಲೆ ಹೋಗಿ ನಿಂತೆವು. ಅತ್ತೆ ಅಲ್ಲಿಂದ ಗಾಳ ಬೀಸಿದರು. ಮೀನು ಬಿದ್ದಾಗಲೆಲ್ಲ ಅದನ್ನು ಎರಡು ಕೈಯಲ್ಲಿ ಎತ್ತಿ, ಆಚೆಯವರಿಗೆ ಚೆನ್ನಾಗಿ ಕಾಣುವಂತೆ ತಿರುಗಿಸಿ, ಒಮ್ಮೆ ಕೆಮ್ಮಿ, ನೀರಿಗೆ ಬಿಡುತ್ತಿದ್ದರು. ಪ್ರತಿ ಮೀನಿನ ನಂತರ ತಮ್ಮ ಹುಳವನ್ನು ಎತ್ತಿ ಹಿಡಿದು ನನ್ನ ಕಡೆ ತೋರಿಸಿ, "ಸುಮಾ, ಕಾಲು ಆಡಿಸ್ತದಾ ನೋಡು" ಎಂದು ಹೊಳೆಯಾಚೆ ಕೇಳುವಷ್ಟು ಜೋರಾಗಿ ಕೇಳುವರು. "ಇಲ್ಲ ಅತ್ತೆ" ಎಂದು ನಾನು ಅದಕ್ಕಿಂತ ಜೋರಾಗಿ ಹೇಳುವೆ. ಆ ದಿನದಷ್ಟು ಖುಷಿಯಾಗಿ ನಾವಿಬ್ಬರೂ ಯಾವ ಹಬ್ಬವನ್ನೂ ಮಾಡಿಲ್ಲ. ಧರ್ಮಪ್ಪ ನಮ್ಮ ಕಡೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದ. ಅವನು ತಿರುಗಲಿ ಎಂದು ಅತ್ತೆ ಬಿಸಿಲು ಹೋಗುವವರೆಗೂ ನಿಂತರು, ತಿರುಗಲಿಲ್ಲ.

ಅದನ್ನು ಪ್ರತಿ ವರ್ಷವೂ ಮಾಡಿದೆವು. ಊರಿನವರು ಅತ್ತೆ ಮೋಸ ಮಾಡಿದ್ದನ್ನು ನಂಬಿದ್ದರೋ ಇಲ್ಲವೋ, ಹೆಸರು ಮಾತ್ರ ಹೋಗಲಿಲ್ಲ. ಒಂದೊಂದು ಸಂಜೆ ಹುಳ ಕಟ್ಟುತ್ತ ಕೂತವರು ಕೈ ನಿಲ್ಲಿಸಿ, "ಧರ್ಮಪ್ಪ ಗೊತ್ತಿದ್ದೇ ಮಾಡಿದ್ನೋ, ಗೊತ್ತಿಲ್ದೆ ಮಾಡಿದ್ನೋ?" ಎನ್ನುತ್ತಿದ್ದರು. ಆ ಪ್ರಶ್ನೆ ನನಗಲ್ಲ. ನಾನು ದಾರಕ್ಕೆ ಮೇಣ ಸವರುತ್ತಿದ್ದೆ.

ಕಾಯಿಲೆ ಬಂದಾಗ ಬೇಗ ಸೊರಗಿದರು. ಮಡಿಕೇರಿಯ ಆಸ್ಪತ್ರೆಯಿಂದ ಮನೆಗೆ ಕಳಿಸಿದರು, ಇನ್ನು ಮಾಡುವುದು ಏನೂ ಇಲ್ಲ ಎಂದು. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತು ಇಕ್ಕಳ ತರಿಸಿದರು. ಪೊರಕೆಯ ಕಡ್ಡಿಯೊಂದನ್ನು ಗಾಳದಷ್ಟೇ ಉದ್ದಕ್ಕೆ ಮುರಿಸಿ, ಅದಕ್ಕೆ ದಾರ ಸುತ್ತಲು ಶುರು ಮಾಡಿದರು. ಗಾಳ ಇಲ್ಲದ ಹುಳ ಯಾಕೆ ಎಂದು ಕೇಳಿದೆ.

"ನನ್ ತಿಥಿಗೆ ಅವ್ನು ಬರ್ತಾನೆ" ಎಂದರು. "ಬಂದೇ ಬರ್ತಾನೆ. ನಾಲ್ಕು ಜನದ ಮುಂದೆ ಒಳ್ಳೇವ್ನು ಅನ್ನಿಸ್ಕೋಬೇಕಲ್ಲ. ಸಂಘದವ್ರೂ ಬರ್ತಾರೆ. ಊಟದ ಕೊನೇಲಿ ಅವ್ನ ಮಜ್ಜಿಗೆಗೆ ಇದನ್ನ ಹಾಕು."

ನಾನು ಅಳುತ್ತಿದ್ದವಳು ನಕ್ಕುಬಿಟ್ಟೆ. ಗಾಳ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದೆ.

"ಥೂ, ಸುಮ್ನಿರು. ಗಂಟ್ಲಿಗೆ ಸಿಕ್ಕಿ ಸತ್ರೆ ಏನು ಬಂತು? ಅವ್ನು ಸಾಯೋದು ಬೇಡ ನಂಗೆ. ಅವ್ನು ಮಾತಾಡ್ಬೇಕು."

ಕಣ್ಣು ಮಂಜಾಗಿತ್ತು, ಬೆರಳಿನಿಂದಲೇ ತಡವಿ ಕಟ್ಟಿದರು. ಎರಡು ಸಲ ಬಿಚ್ಚಿಸಿದರು, ರೆಕ್ಕೆ ಓರೆಯಾಗಿದೆಯೆಂದು. ಮೂರನೆಯದು ಒಪ್ಪಿಗೆಯಾಯಿತು. ನೀರಿನ ಲೋಟದಲ್ಲಿ ಹಾಕಿ ತೋರಿಸಿದೆ. ನೆಟ್ಟಗೆ, ಕಾಲುಗಳ ಮೇಲೆ ತೇಲಿತು. ತೇಲುವುದನ್ನು ಬಹಳ ಹೊತ್ತು ನೋಡಿ, ಎತ್ತಿಡು ಎಂದರು. ಆ ವಾರದಲ್ಲೇ ಹೋದರು. ನಮ್ಮಿಬ್ಬರ ನಡುವೆ ಸರಿಯಾಗಿ ನಡೆದ ಕೊನೆಯ ಮಾತು ಅದೇ.

ತಿಥಿಯ ದಿನ ಅಂಗಳದಲ್ಲಿ ಉದ್ದಕ್ಕೆ ಟೇಬಲು ಹಾಕಿಸಿದ್ದೆವು. ಧರ್ಮಪ್ಪ ಬಿಳಿ ಶರ್ಟು ಹಾಕಿಕೊಂಡು ಬಂದ, ಫೋಟೋಕ್ಕೆ ಹೂ ಹಾಕಿ ಕೈಮುಗಿದ. ಒಳ್ಳೆಯ ಮನುಷ್ಯೆ, ಸ್ವಲ್ಪ ಹಟ ಜಾಸ್ತಿ ಅಷ್ಟೇ ಎಂದು ನನ್ನ ಗಂಡನ ಭುಜ ತಟ್ಟಿದ. ಸಂಘದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತರು. ನಮ್ಮ ಕಡೆ ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರದೂ ಮುಗಿಯುವವರೆಗೆ ಒಬ್ಬರೇ ಏಳುವಂತಿಲ್ಲ. ತಿಥಿ ಊಟದಲ್ಲಿ ಎದ್ದರಂತೂ ಸತ್ತವರಿಗೇ ಅವಮಾನ. ನಾನು ಕಾದಿದ್ದು ಅದಕ್ಕೇ. ಸಾರು ಅನ್ನ ಎಲ್ಲ ಮುಗಿದ ಮೇಲೆ ಮಜ್ಜಿಗೆಯ ಲೋಟಗಳನ್ನು ನಾನೇ ಇಡುತ್ತ ಬಂದೆ. ಅವನ ಲೋಟದ ಮೇಲೆ ಅತ್ತೆಯ ಹುಳ ತೇಲುತ್ತಿತ್ತು.

ಅವನು ಲೋಟ ಎತ್ತಿದವನು ತುಟಿಯ ಹತ್ತಿರ ನಿಲ್ಲಿಸಿದ. "ಏನಮ್ಮ, ಮಜ್ಜಿಗೇಲಿ ಹುಳ ಬಿದ್ದದೆ. ಬೇರೆ ಕೊಡು."

"ಹುಳನಾ? ಸರಿಯಾಗಿ ನೋಡಿ" ಎಂದೆ.

"ನೋಡೇ ಹೇಳ್ತಿರೋದು. ಹೊಳೆ ಹುಳ. ರೆಕ್ಕೆ ಕಾಣಲ್ವಾ ನಿಂಗೆ?"

ಪಕ್ಕದಲ್ಲಿದ್ದ ಅವನ ತಮ್ಮ ಬಗ್ಗಿ ನೋಡಿ, ಹೌದು, ಸಂಜೆ ದೀಪಕ್ಕೆ ಬರುತ್ತದಲ್ಲ ಅದೇ ಎಂದ. ಆಚೆ ಕೂತವರೂ ಕತ್ತು ಚಾಚಿ ನೋಡಿ ಹುಳವೇ ಎಂದರು. ಅವತ್ತು ನೆಲದ ಮೇಲೆ ಕೂತು ನಕ್ಕವನೂ ಅಲ್ಲೇ ಇದ್ದ, ಅವನೂ ಎಂದ. ಎಲ್ಲರೂ ಹೇಳಿ ಮುಗಿಸಲಿ ಎಂದು ನಾನು ತಡೆದು ನಿಂತೆ. ಆಮೇಲೆ, ತೆಗೆದು ಕೈಯಲ್ಲಿ ಹಿಡಿದು ನೋಡಿ ಎಂದೆ.

ಬಲಗೈ ಎಂಜಲು. ಎಡಗೈಯ ಎರಡು ಬೆರಳಲ್ಲಿ ಎತ್ತಿದ, ಹೊರಗೆ ಒಗೆಯಲು ಕೈ ಚಾಚಿದ, ಚಾಚಿದ ಕೈ ಅಲ್ಲೇ ನಿಂತಿತು. ಬೆರಳನ್ನು ಮೆಲ್ಲಗೆ ಉಜ್ಜಿ ನೋಡಿದ. ಮುಖದ ನೀರು ಇಳಿದದ್ದನ್ನು ನಾನು ನಿಂತು ನೋಡಿದೆ.

"ಅತ್ತೆ ಕಟ್ಟಿದ್ದು" ಎಂದೆ. "ಹುಂಜದ ಗರಿ, ಹೋತದ ಕೂದ್ಲು. ನಿಮಗೇ ಅಂತ ಕಟ್ಟಿಟ್ಟು ಹೋಗವ್ರೆ. ಇವ್ರೆಲ್ಲರ ಮುಂದೆ ಒಂದ್ ಸಲ ಹೇಳಿ, ಇದು ಏನು ಅಂತ."

ನನ್ನ ಗಂಡ ದೂರದಿಂದ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದರು, ನಾನು ಆ ಕಡೆ ನೋಡಲಿಲ್ಲ. ಧರ್ಮಪ್ಪ ಹುಳವನ್ನು ಬಿಡದೆ ಉಜ್ಜುತ್ತಲೇ ಇದ್ದ.

"ಅವತ್ತೂ ಹಿಂಗೇ ಸಿಕ್ತು ಕೈಗೆ" ಎಂದ, ಅರ್ಧ ತನಗೆ ತಾನೇ.

"ಏನ್ ಸಿಕ್ತು?"

"ದಾರ. ಕತ್ತರಿಸೋಕೆ ಮುಂಚೆ."

ಗರಿ ಎಂಬ ಒಂದು ಮಾತನ್ನು ಅವನ ಬಾಯಿಂದ ಹೊರಡಿಸಿದರೆ ಸಾಕೆಂದು ಬಂದವಳು ನಾನು. ಇದನ್ನು ಕೇಳಿ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಜಗ್ಗನ್ನು ಟೇಬಲಿನ ಮೇಲೆ ಇಟ್ಟೆ, ಇಲ್ಲದಿದ್ದರೆ ಅವನ ತಲೆಯ ಮೇಲೆ ಸುರಿದುಬಿಡುತ್ತಿದ್ದೆನೇನೋ.

"ಜೋರಾಗಿ ಹೇಳಿ. ಆ ಕೊನೇಲಿ ಕೂತಿರೋರಿಗೆ ಕೇಳಿಸ್ಲಿಲ್ಲ."

ಅವನು ತಲೆ ಎತ್ತಲಿಲ್ಲ, ಆದರೆ ಹೇಳಿದ. "ಸರೋಜಮ್ಮ ಹುಳ ಚುಚ್ಚಿರ್ಲಿಲ್ಲ. ಕಟ್ಟಿದ್ದೇ. ನಂಗೆ ಗೊತ್ತಿತ್ತು."

ಅವನ ತಮ್ಮ ಎಲೆಯ ಕಡೆ ನೋಡುತ್ತ ಕೂತ. ಹಿರಿಯರೊಬ್ಬರು ಹೋಗಲಿ ಬಿಡಮ್ಮ ಎಂದರು. ಮಿಕ್ಕವರು ಒಬ್ಬೊಬ್ಬರಾಗಿ ಲೋಟ ಬರಿದು ಮಾಡಿ, ಏಳುವ ಹೊತ್ತಿಗೆ ಕಾಯತೊಡಗಿದರು. ಧರ್ಮಪ್ಪನೂ ಕಾಲು ಎಳೆದುಕೊಂಡು ಬೆಂಚಿನ ತುದಿಗೆ ಸರಿದಿದ್ದ. ನನಗೆ ಕರುಣೆ ಬರಲಿಲ್ಲ. ಹೊಟ್ಟೆ ತಣ್ಣಗಾಯಿತು ಎನ್ನುತ್ತಾರಲ್ಲ, ನಿಜವಾಗಿ ಹಾಗೆಯೇ ಆಯಿತು. ಒಂದೇ ಸಂಕಟ, ಇದನ್ನು ಕೇಳಬೇಕಾದವರು ಗೋಡೆಯ ಮೇಲೆ ಫೋಟೋದಲ್ಲಿದ್ದರು. ಎಲ್ಲರದೂ ಮುಗಿಯದೆ ಅವನು ಏಳುವಂತಿರಲಿಲ್ಲ. ಜಗ್ಗನ್ನು ಮತ್ತೆ ತುಂಬಿಸಿಕೊಂಡು ಪಂಕ್ತಿಯ ಆ ತುದಿಗೆ ಹೋದೆ. ಅಲ್ಲಿಂದ ಒಬ್ಬೊಬ್ಬರನ್ನೂ, ಇನ್ನೊಂದು ಲೋಟ ಮಜ್ಜಿಗೆ ಹಾಕಲೇ ಎಂದು ಕೇಳುತ್ತ, ನಿಧಾನವಾಗಿ ಬಡಿಸುತ್ತ ಬಂದೆ.